ಕಾರಿನ ಡಿಕ್ಕಿಯಲ್ಲಿ ನೀರು: ಎಲ್ಲಿಂದ ಬರುತ್ತದೆ, ಏನನ್ನು ಕೆಡಿಸುತ್ತದೆ, ಏನು ಮಾಡಬೇಕು?

ಮಳೆಗಾಲದಲ್ಲಿ ಕಾರಿನ ಡಿಕ್ಕಿ ತೆರೆದಾಗ ಮುಗ್ಗಲು ವಾಸನೆ ಬಂದರೆ ಹೆಚ್ಚಿನವರು ಒಂದು ಏರ್ ಫ್ರೆಶ್‌ನರ್ ತಂದಿಟ್ಟು ಸುಮ್ಮನಾಗುತ್ತಾರೆ. ಕೆಲವು ವಾರಗಳ ಬಳಿಕ ಹಿಂದೆ ಯಾರೂ ಇಲ್ಲದಿದ್ದರೂ ಪಾರ್ಕಿಂಗ್ ಸೆನ್ಸರ್ ಕೂಗತೊಡಗುತ್ತದೆ. ಒಂದು ಬದಿಯ ಬ್ರೇಕ್ ದೀಪ ಉರಿಯುವುದಿಲ್ಲ. ರಾತ್ರಿ ಸರಿಯಾಗಿಯೇ ನಿಲ್ಲಿಸಿದ್ದ ಕಾರು ಬೆಳಿಗ್ಗೆ ಬ್ಯಾಟರಿ ಇಳಿದು ಸ್ಟಾರ್ಟ್ ಆಗುವುದಿಲ್ಲ. ಇವೆಲ್ಲ ಬೇರೆ ಬೇರೆ ತೊಂದರೆಗಳಂತೆ ಕಂಡರೂ ಮೂಲ ಒಂದೇ ಇರಬಹುದು: ಮ್ಯಾಟ್‌ನ ಅಡಿಯಲ್ಲಿ, ಸ್ಟೆಪ್ನಿ ಕೂರುವ ಗುಂಡಿಯಲ್ಲಿ ನಿಂತ ನೀರು.

ಇದು ಬರೀ ವಾಸನೆಯ ವಿಷಯವಲ್ಲ. ಮಳೆಯಲ್ಲಿ ಬ್ರೇಕ್ ದೀಪ ಉರಿಯದ ಕಾರಿಗೆ ಹಿಂದಿನಿಂದ ಬರುವ ಲಾರಿ ಗುದ್ದಬಹುದು. ಒದ್ದೆಯಾದ ವೈರಿಂಗ್ ಶಾರ್ಟ್ ಆದರೆ ಬೆಂಕಿಯೂ ಹತ್ತಬಹುದು. ನೀರು ಎಲ್ಲಿಂದ ಬರುತ್ತದೆ, ಅದು ಎಲೆಕ್ಟ್ರಾನಿಕ್ ಭಾಗಗಳನ್ನು ಹೇಗೆ ಕೆಡಿಸುತ್ತದೆ, ಈ ಬಗ್ಗೆ ಇರುವ ನಂಬಿಕೆಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದನ್ನು ನಾವು ಇಲ್ಲಿ ನೋಡೋಣ.

ಡಿಕ್ಕಿಯಲ್ಲಿ ಏನೇನಿರುತ್ತದೆ?

ಹಿಂದೆಲ್ಲ ಡಿಕ್ಕಿ ಎಂದರೆ ಸಾಮಾನು ಮತ್ತು ಸ್ಟೆಪ್ನಿ ಇಡುವ ಜಾಗ, ಅಷ್ಟೇ. ಈಗ ಅದರ ಪಕ್ಕದ ಪ್ಲಾಸ್ಟಿಕ್ ಹೊದಿಕೆಗಳ ಹಿಂದೆ ಪಾರ್ಕಿಂಗ್ ಸೆನ್ಸರ್‌ನ ಮಾಡ್ಯೂಲ್, ಹಿಂಬದಿ ಕ್ಯಾಮೆರಾದ ವೈರು, ಮ್ಯೂಸಿಕ್ ಸಿಸ್ಟಮ್‌ನ ಆಂಪ್ಲಿಫೈಯರ್, ಟೈಲ್ ಲ್ಯಾಂಪ್‌ಗಳ ಕನೆಕ್ಟರ್‌ಗಳು ಇರುತ್ತವೆ. ಕೆಲವು ಕಾರುಗಳಲ್ಲಿ 12 ವೋಲ್ಟ್ ಬ್ಯಾಟರಿ ಮತ್ತು ಒಂದು ಫ್ಯೂಸ್ ಬಾಕ್ಸ್ ಕೂಡ ಡಿಕ್ಕಿಯಲ್ಲೇ ಇರುತ್ತವೆ. ಹೈಬ್ರಿಡ್ ಕಾರುಗಳಲ್ಲಿ ಹೈ ವೋಲ್ಟೇಜ್ ಬ್ಯಾಟರಿ ಹಿಂದಿನ ಸೀಟಿನ ಆಸುಪಾಸಿನಲ್ಲಿ ಇರುವುದುಂಟು.

ಎಂಜಿನ್ ಬಳಿ ಇರುವ ಭಾಗಗಳಿಗೆ ನೀರು ತಾಗುತ್ತದೆ ಎಂದು ಗೊತ್ತಿರುವುದರಿಂದ ಅವುಗಳ ಪೆಟ್ಟಿಗೆ ಮತ್ತು ಕನೆಕ್ಟರ್‌ಗಳನ್ನು ನೀರು ಹೋಗದಂತೆ ಮಾಡಿರುತ್ತಾರೆ. ಡಿಕ್ಕಿ ಒಣ ಜಾಗ ಎಂಬ ಲೆಕ್ಕದಲ್ಲಿ ಅಲ್ಲಿನ ಹಲವು ಭಾಗಗಳಿಗೆ ಆ ರಕ್ಷಣೆ ಇರುವುದಿಲ್ಲ. ಹಾಗಾಗಿ ಸ್ವಲ್ಪ ನೀರು ಸೋರಿದರೂ ಹಾನಿ ದೊಡ್ಡದು.

ನೀರು ಬರುವ ದಾರಿಗಳು

ಡಿಕ್ಕಿಯಲ್ಲಿ ನೀರು ಕಂಡ ಕೂಡಲೇ ಎಲ್ಲರೂ ಬೈಯುವುದು ಬಾಗಿಲಿನ ಸುತ್ತಲಿನ ರಬ್ಬರ್ ಬೀಡಿಂಗನ್ನು. ಅದೂ ಕಾರಣವಾಗಿರಬಹುದು, ಆದರೆ ದಾರಿಗಳು ಇನ್ನೂ ಇವೆ:

• ಟೈಲ್ ಲ್ಯಾಂಪ್‌ನ ಹಿಂದಿರುವ ಗ್ಯಾಸ್ಕೆಟ್. ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬಲ್ಬ್ ಬದಲಿಸಿದ ಮೇಲೆ ಸರಿಯಾಗಿ ಕೂರಿಸದಿದ್ದರೂ ಸೋರುತ್ತದೆ.
• ಮೇಲಿನ ಮೂರನೇ ಬ್ರೇಕ್ ದೀಪ, ಆಂಟೆನಾದ ಬುಡ, ಹಿಂಬದಿ ವೈಪರ್‌ನ ಕಡ್ಡಿ ಹಾದುಬರುವ ರಂಧ್ರ.
• ಛಾವಣಿಯ ಎರಡೂ ಅಂಚಿನಲ್ಲಿ ತಗಡುಗಳು ಸೇರುವ ಜೋಡಣೆ. ಅದರೊಳಗಿನ ಸೀಲಂಟ್ ಬಿರುಕು ಬಿಟ್ಟರೆ ನೀರು ಕಂಬದೊಳಗೆ ಇಳಿದು ಡಿಕ್ಕಿಗೆ ಬರುತ್ತದೆ.
• ಸನ್‌ರೂಫ್ ಇದ್ದರೆ ಅದರ ಹಿಂಬದಿಯ ನೀರು ಹೋಗುವ ಕೊಳವೆಗಳು. ಎಲೆ, ಧೂಳು ಕಟ್ಟಿದರೆ ನೀರು ಒಳಗೇ ಸುರಿಯುತ್ತದೆ.
• ಹಿಂದಿನ ಗಾಜಿಗೆ ನೀರು ಚಿಮ್ಮಿಸುವ ವಾಷರ್ ಪೈಪ್. ಇದು ಕಳಚಿಕೊಂಡಿದ್ದರೆ ಮಳೆ ಇಲ್ಲದ ದಿನವೂ ಡಿಕ್ಕಿ ಒದ್ದೆಯಾಗುತ್ತದೆ.
• ಹಿಂದೆ ಅಪಘಾತವಾಗಿ ಟಿಂಕರಿಂಗ್ ಮಾಡಿಸಿದ ಕಡೆ ಸೀಲಂಟ್ ಹಾಕದೆ ಬಿಟ್ಟ ಜೋಡಣೆ. ಹಳೆಯ ಕಾರು ಕೊಳ್ಳುವವರು ಇದನ್ನು ಮುಖ್ಯವಾಗಿ ನೋಡಬೇಕು.
• ಹಿಂಬದಿ ಬಂಪರ್‌ನ ಒಳಗೆ, ಪಕ್ಕದಲ್ಲಿರುವ ಗಾಳಿ ಕಿಂಡಿ.

ಈ ಕೊನೆಯದರ ಬಗ್ಗೆ ಹಲವರಿಗೆ ಗೊತ್ತಿಲ್ಲ. ಕಾರಿನ ಬಾಗಿಲು ಹಾಕಿದಾಗ ಒಳಗಿನ ಗಾಳಿ ಹೊರಹೋಗಲು ದಾರಿ ಬೇಕು, ಏಸಿ ಒಳಗೆ ತಳ್ಳುವ ಗಾಳಿಗೂ ಬೇಕು. ಅದಕ್ಕಾಗಿ ಒಂದೇ ದಿಕ್ಕಿಗೆ ತೆರೆಯುವ ರಬ್ಬರ್ ರೆಕ್ಕೆಗಳ ಕಿಂಡಿ ಇಟ್ಟಿರುತ್ತಾರೆ. ಅದರ ಚೌಕಟ್ಟಿನ ಸೀಲ್ ಹಾಳಾದರೆ ಚಕ್ರ ಎರಚುವ ನೀರು ಒಳಗೆ ಬರುತ್ತದೆ. ಆಗ ಚೌಕಟ್ಟಿನ ಸೀಲನ್ನು ಸರಿಪಡಿಸಬೇಕೇ ಹೊರತು ಕಿಂಡಿಯನ್ನೇ ಮುಚ್ಚಬಾರದು. ಮುಚ್ಚಿದರೆ ಬಾಗಿಲು ಹಾಕಲು ಹೆಚ್ಚು ಬಲ ಬೇಕಾಗುತ್ತದೆ, ಗಾಜಿಗೆ ಮಂಜು ಕಟ್ಟುವುದು ಹೆಚ್ಚುತ್ತದೆ.

ಸೋರುವ ಜಾಗವನ್ನು ಹುಡುಕುವುದು ಹೇಗೆ?

ನೀರು ನಿಂತಿರುವ ಜಾಗವೇ ನೀರು ನುಗ್ಗಿದ ಜಾಗವಲ್ಲ. ನೀರು ತಗಡಿಗೆ ಅಂಟಿಕೊಂಡು, ವೈರಿನ ಕಟ್ಟಿನ ಗುಂಟ ಹರಿದು ಎಲ್ಲಕ್ಕಿಂತ ತಗ್ಗಿನ ಗುಂಡಿಗೆ ಸೇರುತ್ತದೆ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಹುಡುಕಿಕೊಂಡು ಹೋಗಬೇಕು.

ಮೊದಲು ಮ್ಯಾಟ್, ಸ್ಟೆಪ್ನಿ, ಪಕ್ಕದ ಹೊದಿಕೆಗಳನ್ನು ತೆಗೆದು ಒಳಗೆಲ್ಲ ಒರೆಸಿ ಒಣಗಿಸಿ. ಜೋಡಣೆಗಳ ಕೆಳಗೆ ಟಾಲ್ಕಮ್ ಪೌಡರ್ ಉದುರಿಸಿ ಅಥವಾ ಟಿಶ್ಯೂ ಪೇಪರ್ ಅಂಟಿಸಿ. ಬಳಿಕ ಹೊರಗಿನಿಂದ ಸಾಧಾರಣ ಪೈಪಿನಲ್ಲಿ ನಿಧಾನವಾಗಿ ನೀರು ಬಿಡಿ. ಮೊದಲು ಬಂಪರ್ ಎತ್ತರಕ್ಕೆ, ಐದು ನಿಮಿಷ ಬಿಟ್ಟು ಟೈಲ್ ಲ್ಯಾಂಪ್‌ಗೆ, ಆಮೇಲೆ ಬೀಡಿಂಗ್, ಕೊನೆಗೆ ಛಾವಣಿಗೆ. ಒಮ್ಮೆಲೇ ಮೇಲಿನಿಂದ ಸುರಿದರೆ ಎಲ್ಲ ಕಡೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಪ್ರೆಷರ್ ವಾಷರ್ ಬಳಸಬೇಡಿ. ಅದು ಸರಿಯಿರುವ ಸೀಲಿನ ಒಳಗೂ ನೀರು ನುಗ್ಗಿಸಬಲ್ಲದು. ಇನ್ನೊಬ್ಬರು ಹಿಂದಿನ ಸೀಟನ್ನು ಮಡಚಿ, ಕಾರಿನ ಬಾಗಿಲು ತೆರೆದಿಟ್ಟುಕೊಂಡು, ಟಾರ್ಚ್ ಹಿಡಿದು ಒಳಗಿನಿಂದ ನೋಡಬೇಕು. ಈ ಕೆಲಸಕ್ಕೆ ಮಕ್ಕಳನ್ನು ಕೂರಿಸಬೇಡಿ.

ಬೀಡಿಂಗ್ ಪರೀಕ್ಷೆಗೆ ಒಂದು ಕಾಗದದ ಚೂರು ಸಾಕು. ಅದನ್ನು ಬೀಡಿಂಗ್ ಮೇಲಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ, ಸಲೀಸಾಗಿ ಜಾರಿ ಬಂದರೆ ಅಲ್ಲಿ ಒತ್ತಡ ಸಾಲದು. ಸುತ್ತಲೂ ಹೀಗೆ ನೋಡಿ.

ನೀರು ಎಲೆಕ್ಟ್ರಾನಿಕ್ಸನ್ನು ಕೆಡಿಸುವುದು ಹೇಗೆ?

ಶುದ್ಧ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಬಿಡುವುದಿಲ್ಲ. ಆದರೆ ಡಿಕ್ಕಿಗೆ ಬರುವ ನೀರಿನಲ್ಲಿ ಧೂಳು, ರಸ್ತೆಯ ಕೊಳಕು, ಲವಣಗಳು ಕರಗಿರುತ್ತವೆ. ಕರಾವಳಿಯಲ್ಲಿ ಸಮುದ್ರದ ಉಪ್ಪು ಕೂಡ ಸೇರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ಕಾರುಗಳು ಮುಳುಗಿದಂಥ ನೆರೆಯಲ್ಲಿ ಚರಂಡಿ ನೀರೂ ಬೆರೆತಿರುತ್ತದೆ. ಈ ಕಲ್ಮಶಗಳೇ ನೀರನ್ನು ವಾಹಕವಾಗಿಸುತ್ತವೆ.

ಕೀ ತೆಗೆದ ಮೇಲೂ ಕಾರಿನ ಹಲವು ಮಾಡ್ಯೂಲ್‌ಗಳಿಗೆ 12 ವೋಲ್ಟ್ ಹರಿಯುತ್ತಲೇ ಇರುತ್ತದೆ. ಸರ್ಕ್ಯೂಟ್ ಬೋರ್ಡಿನ ಮೇಲೆ ಪಕ್ಕಪಕ್ಕದಲ್ಲಿರುವ ಎರಡು ತಾಮ್ರದ ಗೆರೆಗಳ ನಡುವೆ ನೀರಿನ ಹನಿ ಕುಳಿತರೆ ಅಲ್ಲಿ ವಿದ್ಯುದ್ವಿಭಜನೆ ನಡೆಯುತ್ತದೆ. ಧನ ಬದಿಯ ಲೋಹ ಕರಗಿ, ಋಣ ಬದಿಯತ್ತ ಸಾಗಿ, ಅಲ್ಲಿ ಸಣ್ಣ ಗಿಡದ ಕೊಂಬೆಗಳಂತೆ ಬೆಳೆಯುತ್ತದೆ. ಆ ಕೊಂಬೆ ಎರಡೂ ಗೆರೆಗಳನ್ನು ಮುಟ್ಟಿದರೆ ಶಾರ್ಟ್. ಕನೆಕ್ಟರ್‌ಗಳಲ್ಲಿ ಕಾಣುವ ಹಸಿರು ಪುಡಿ ಹಿತ್ತಾಳೆ ಪಾತ್ರೆಗೆ ಹಿಡಿಯುವ ಕಿಲುಬಿನ ಬಳಗದ್ದೇ, ತಾಮ್ರದ ಲವಣಗಳು. ಅದು ವಿದ್ಯುತ್ತಿಗೆ ತಡೆಯೊಡ್ಡುತ್ತದೆ, ದೀಪ ಮಂಕಾಗುತ್ತದೆ, ಕನೆಕ್ಟರ್ ಬಿಸಿಯಾಗುತ್ತದೆ.

ಇನ್ನೊಂದು ತೊಂದರೆ ವೈರಿನ ಒಳಗೆ. ಬತ್ತಿ ಎಣ್ಣೆಯನ್ನು ಮೇಲೆಳೆಯುವಂತೆ ವೈರಿನ ಸಣ್ಣ ಎಳೆಗಳ ನಡುವಿನ ಸಂದಿಯಲ್ಲಿ ನೀರು ಹರಿದುಹೋಗುತ್ತದೆ. ಹೀಗಾಗಿ ಟೈಲ್ ಲ್ಯಾಂಪ್ ಬಳಿ ಒಳಹೊಕ್ಕ ನೀರು ದೂರದ ಮಾಡ್ಯೂಲ್ ಒಳಗೆ ಕಾಣಿಸಿಕೊಳ್ಳಬಹುದು.

ಒಟ್ಟಿನಲ್ಲಿ ಭಾಗವನ್ನು ಕೊಲ್ಲುವುದು ನೀರು, ವಿದ್ಯುತ್ ಮತ್ತು ಸಮಯ ಈ ಮೂರೂ ಸೇರಿ. ನೀರು ಕಂಡ ದಿನವೇ ವಿದ್ಯುತ್ ತಪ್ಪಿಸಿದರೆ ಹಲವು ಮಾಡ್ಯೂಲ್‌ಗಳು ಉಳಿಯುತ್ತವೆ.

ನೀರು ಕಂಡ ಕೂಡಲೇ ಏನು ಮಾಡಬೇಕು?

1. ಕಾರು ನೆರೆಯಲ್ಲಿ ನಿಂತಿದ್ದರೆ ಇಗ್ನಿಷನ್ ಆನ್ ಮಾಡಬೇಡಿ.
2. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟಲೇಬೇಡಿ. ಅವು ಹೈ ವೋಲ್ಟೇಜ್ ಕೇಬಲ್‌ಗಳು. ಸರ್ವಿಸ್ ಸೆಂಟರ್‌ಗೆ ಕರೆ ಮಾಡಿ.
3. ಸಾಮಾನ್ಯ ಕಾರಿನಲ್ಲಿ ಬ್ಯಾಟರಿಯ ಮೈನಸ್ ತುದಿಯನ್ನು ಮೊದಲು ಬಿಚ್ಚಿ. ಡಿಕ್ಕಿ ವಿದ್ಯುತ್ತಿನಿಂದ ತೆರೆಯುವಂಥದ್ದಾದರೆ ಮುಚ್ಚಿಬಿಡಬೇಡಿ, ಮತ್ತೆ ತೆರೆಯಲಾಗದೇ ಹೋದೀತು.
4. ಒದ್ದೆಯಾದ ಭಾಗಗಳ ಫೋಟೋ ತೆಗೆದಿಟ್ಟುಕೊಳ್ಳಿ. ವಿಮೆಗೂ ಬೇಕು, ಕನೆಕ್ಟರ್‌ಗಳನ್ನು ಮತ್ತೆ ಜೋಡಿಸಲೂ ಬೇಕು.
5. ನಿಂತ ನೀರನ್ನು ಸ್ಪಂಜಿನಿಂದ ತೆಗೆದು, ಮ್ಯಾಟ್ ಮತ್ತು ಅದರ ಕೆಳಗಿನ ಫೋಮ್ ಅನ್ನು ಹೊರಗೆ ಹಾಕಿ. ಒದ್ದೆ ಬಟ್ಟೆ, ಫೋಮ್‌ಗಳಲ್ಲಿ 24ರಿಂದ 48 ಗಂಟೆಗಳಲ್ಲಿ ಬೂಷ್ಟು ಹಿಡಿಯತೊಡಗುತ್ತದೆ. ಆಸ್ತಮಾ, ಅಲರ್ಜಿ ಇರುವವರಿಗೆ ಇದು ತೊಂದರೆ.
6. ಮಾಡ್ಯೂಲನ್ನು ಬಿಚ್ಚಲು ತಿಳಿದವರು ಮಾತ್ರ ಬಿಚ್ಚಬೇಕು. ಬೋರ್ಡನ್ನು ಶೇಕಡಾ 99ರ ಐಸೋಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆಯ ಬ್ರಷ್‌ನಿಂದ ತೊಳೆಯುತ್ತಾರೆ. ಅದು ನೀರನ್ನು ಜೊತೆಗೆ ಎಳೆದುಕೊಂಡು ಬೇಗ ಆವಿಯಾಗುತ್ತದೆ. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ, ಆದ್ದರಿಂದ ಗಾಳಿಯಾಡುವ ಕಡೆ, ಬ್ಯಾಟರಿ ಬಿಚ್ಚಿದ ಮೇಲೆಯೇ ಬಳಸಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಇದಕ್ಕೆ ಆಗದು. ಅದರಲ್ಲಿ ನೀರು, ಗ್ಲಿಸರಿನ್ ಇರುತ್ತವೆ.
7. ಎಲ್ಲ ಪೂರ್ತಿ ಒಣಗಿದ ಮೇಲೆಯೇ ಬ್ಯಾಟರಿ ಜೋಡಿಸಿ. ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರ್‌ನದನ್ನೇ ಹಾಕಿ. ಮತ್ತೆ ಹೋದರೆ ಎಲ್ಲೋ ಶಾರ್ಟ್ ಇದೆ ಎಂದರ್ಥ. ಅಲ್ಲಿ ವೈರಿನ ಚೂರು ಸಿಕ್ಕಿಸಿ ಓಡಿಸುವುದು ಬೆಂಕಿಗೆ ಆಹ್ವಾನ.

ಡಿಕ್ಕಿಯಲ್ಲಿಟ್ಟ ಲ್ಯಾಪ್‌ಟಾಪ್ ಅಥವಾ ಫೋನ್ ನೆನೆದಿದ್ದರೆ ಆಫ್ ಮಾಡಿ, ಚಾರ್ಜ್‌ಗೆ ಹಾಕಬೇಡಿ. ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಅಥವಾ ಬಿಸಿಯಾಗುತ್ತಿದ್ದರೆ ಮನೆಯೊಳಗೆ ತರಬೇಡಿ.

ನಂಬಿಕೆ ಮತ್ತು ವಾಸ್ತವ

ನಂಬಿಕೆ: ಅಕ್ಕಿಯಲ್ಲಿ ಹೂತಿಟ್ಟರೆ ಒಣಗುತ್ತದೆ.
ವಾಸ್ತವ: ಸಾಧನದ ಒಳಗಿನ ನೀರನ್ನು ಅಕ್ಕಿ ಹೊರಗೆಳೆಯುವುದಿಲ್ಲ. ಬದಲಿಗೆ ಅದರ ಹುಡಿ ಒಳಗೆ ಹೋಗಬಹುದು. ಐಫೋನ್ ಅನ್ನು ಅಕ್ಕಿಯಲ್ಲಿ ಇಡಬೇಡಿ ಎಂದು ಆಪಲ್ ಕಂಪನಿಯೇ 2024ರಲ್ಲಿ ಸೂಚಿಸಿತ್ತು.

ನಂಬಿಕೆ: ಹೇರ್ ಡ್ರೈಯರ್ ಹಿಡಿದರೆ ಸಾಕು.
ವಾಸ್ತವ: ರಭಸದ ಬಿಸಿ ಗಾಳಿ ನೀರನ್ನು ಇನ್ನೂ ಒಳಸಂದಿಗೆ ತಳ್ಳುತ್ತದೆ, ಪ್ಲಾಸ್ಟಿಕ್ ಕನೆಕ್ಟರ್‌ಗಳನ್ನು ಬಗ್ಗಿಸಬಹುದು. ಮೇಜಿನ ಫ್ಯಾನ್‌ನ ತಣ್ಣನೆ ಗಾಳಿ ಮೇಲು.

ನಂಬಿಕೆ: ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು ಡಿಕ್ಕಿ ಮುಚ್ಚಿದರೆ ಒಣಗುತ್ತದೆ.
ವಾಸ್ತವ: ಲೆಕ್ಕ ಹಾಕಿ ನೋಡೋಣ. ಸಿಲಿಕಾ ಜೆಲ್ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರನ್ನು ಹಿಡಿಯಬಲ್ಲದು. ಸ್ಟೆಪ್ನಿ ಗುಂಡಿಯಲ್ಲಿ 5 ಲೀಟರ್ ನೀರಿದ್ದರೆ ಸುಮಾರು 15 ಕಿಲೋ ಜೆಲ್ ಬೇಕು. ನೀರನ್ನು ಮೊದಲು ಕೈಯಾರೆ ತೆಗೆಯಲೇಬೇಕು. ಪೊಟ್ಟಣಗಳಿಂದ ಕೊನೆಗೆ ಉಳಿಯುವ ತೇವಕ್ಕೆ ಮಾತ್ರ ಪ್ರಯೋಜನ.

ನಂಬಿಕೆ: ಗುಂಡಿಯ ತಳದ ರಬ್ಬರ್ ಬಿರಡೆ ತೆಗೆದುಬಿಟ್ಟರೆ ಸಮಸ್ಯೆ ಮುಗಿಯಿತು.
ವಾಸ್ತವ: ನೀರು ಖಾಲಿ ಮಾಡಲು ತೆಗೆಯಬಹುದು. ಹಾಗೆಯೇ ಬಿಟ್ಟರೆ ರಸ್ತೆಯ ನೀರು ಕೆಳಗಿನಿಂದ ಚಿಮ್ಮುತ್ತದೆ, ಸೈಲೆನ್ಸರ್ ಹೊಗೆಯೂ ಒಳಬರಬಹುದು. ಮೇಲಿನಿಂದ ಸೋರುವ ನೀರು ವೈರಿಂಗನ್ನು ನೆನೆಸುವುದಂತೂ ನಿಲ್ಲುವುದಿಲ್ಲ.

ನಂಬಿಕೆ: ಸ್ನಾನದ ಮನೆಗೆ ಹಾಕುವ ಸಿಲಿಕೋನ್ ಹಚ್ಚಿದರೆ ಸಾಕು.
ವಾಸ್ತವ: ವಿನೆಗರ್ ವಾಸನೆ ಬರುವ ಬಗೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬಣ್ಣ ಕಿತ್ತ ತಗಡಿಗೆ ಅದು ತುಕ್ಕು ಹಿಡಿಸುತ್ತದೆ. ಸಿಲಿಕೋನ್ ಮೇಲೆ ಪೇಂಟ್ ಕೂಡ ನಿಲ್ಲುವುದಿಲ್ಲ. ವಾಹನಗಳಿಗೆಂದೇ ಸಿಗುವ ಪಾಲಿಯುರೇಥೇನ್ ಸೀಲಂಟನ್ನು, ಹಳೆಯದನ್ನು ಕೆರೆದು ಒಣಗಿಸಿದ ಮೇಲೆ ಹಾಕಬೇಕು.

ಮಳೆಗಾಲದಲ್ಲಿ ಡಿಕ್ಕಿ ಒಣಗುವುದಿಲ್ಲ, ಏಕೆ?

30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲ ನೀರಾವಿ ಸುಮಾರು 30 ಗ್ರಾಂ. 400 ಲೀಟರ್ ಡಿಕ್ಕಿಯ ಗಾಳಿ ಹಿಡಿಯುವುದು ಸುಮಾರು 12 ಗ್ರಾಂ. ಗಾಳಿ ಪೂರ್ತಿ ಒಣಗಿದ್ದರೂ 1 ಲೀಟರ್ ನೀರನ್ನು ಹೊರಹಾಕಲು ಆ ಗಾಳಿ 80ಕ್ಕೂ ಹೆಚ್ಚು ಸಲ ಬದಲಾಗಬೇಕು. ಮಲೆನಾಡು, ಕರಾವಳಿಯ ಜುಲೈನಲ್ಲಿ ಹೊರಗಿನ ಗಾಳಿಯ ಆರ್ದ್ರತೆ ಶೇಕಡಾ 90 ಇದ್ದರೆ ಹೀಗೆ 800ಕ್ಕೂ ಹೆಚ್ಚು ಸಲ ಆಗಬೇಕು! ಡಿಕ್ಕಿ ತೆರೆದಿಟ್ಟರೂ ಒಣಗದಿರುವುದಕ್ಕೆ ಇದೇ ಕಾರಣ.

ಇದಕ್ಕೆ ಉಪಾಯ ಕಾರಿನ ಏಸಿಯಲ್ಲೇ ಇದೆ. ಏಸಿಯ ತಣ್ಣನೆ ಸುರುಳಿಗೆ ತಾಗಿದ ನೀರಾವಿ ಹನಿಗಟ್ಟಿ ಕೆಳಗೆ ಇಳಿದುಹೋಗುತ್ತದೆ. ವಿದ್ಯುತ್ ಭಾಗಗಳು ಸುರಕ್ಷಿತ ಎಂದು ಖಚಿತವಾದ ಮೇಲೆ ಹಿಂದಿನ ಸೀಟು ಮಡಚಿ, ಮ್ಯಾಟ್ ಇಲ್ಲದೆ, ಒಳಗಿನ ಗಾಳಿಯೇ ಸುತ್ತುವಂತೆ ಏಸಿ ಹಾಕಿ ಓಡಾಡಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ, ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೆ ಅಪಾಯ.

ಸಿಎನ್‌ಜಿ ಮತ್ತು ವಿಮೆ

ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವವರು ಅದರ ಕೆಳಗೆ ನೀರು ನಿಂತಿದೆಯೇ ಎಂದು ತಪ್ಪದೆ ನೋಡಬೇಕು. ಉಕ್ಕಿನ ಸಿಲಿಂಡರ್ ಮತ್ತು ಅದನ್ನು ಹಿಡಿದಿರುವ ಪಟ್ಟಿಗಳಿಗೆ ತುಕ್ಕು ಹಿಡಿಯುವುದು ಕಣ್ಣಿಗೆ ಕಾಣದ ಕೆಳಬದಿಯಲ್ಲಿ. ತುಕ್ಕು ಕಂಡರೆ ನಿಗದಿತ ಹೈಡ್ರೋ ಪರೀಕ್ಷೆಯ ದಿನಕ್ಕೆ ಕಾಯದೆ ಅಧಿಕೃತ ಕೇಂದ್ರದಲ್ಲಿ ತೋರಿಸಿ.

ವಿಮೆಯ ವಿಷಯದಲ್ಲಿ ನೆರೆ ಮತ್ತು ಸೋರಿಕೆ ಬೇರೆ ಬೇರೆ. ಸಮಗ್ರ ವಿಮೆಯಲ್ಲಿ ನೆರೆಯಿಂದಾದ ಹಾನಿ ಸೇರುತ್ತದೆ. ರಬ್ಬರ್ ಹಳತಾಗಿ ಸೋರಿದ್ದು ಸವೆತ ಎನಿಸಿಕೊಳ್ಳುತ್ತದೆ, ಸವೆತ ಮತ್ತು ವಿದ್ಯುತ್ ಭಾಗಗಳು ತಾವಾಗಿ ಕೆಡುವುದಕ್ಕೆ ಸಾಮಾನ್ಯವಾಗಿ ಪರಿಹಾರವಿಲ್ಲ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಎರಡಕ್ಕೂ ಇಲ್ಲ.

ಇದನ್ನೆಲ್ಲ ತಪ್ಪಿಸಲು ಮೇ ತಿಂಗಳಲ್ಲಿ, ಮೊದಲ ಮಳೆಗೆ ಮುಂಚೆ, ಅರ್ಧ ಗಂಟೆ ಸಾಕು. ಸ್ಟೆಪ್ನಿ ಎತ್ತಿ ಗುಂಡಿಗೆ ಕೈ ಹಾಕಿ ನೋಡಿ, ಬೀಡಿಂಗ್ ಒರೆಸಿ ಕಾಗದದ ಪರೀಕ್ಷೆ ಮಾಡಿ, ಸನ್‌ರೂಫ್ ಕೊಳವೆಗೆ ಒಂದು ಲೋಟ ನೀರು ಸುರಿದು ಅದು ಕಾರಿನ ಕೆಳಗೆ ಬೀಳುತ್ತದೆಯೇ ಗಮನಿಸಿ, ಒಬ್ಬರಿಗೆ ಬ್ರೇಕ್ ತುಳಿಯಲು ಹೇಳಿ ಹಿಂದಿನ ದೀಪಗಳೆಲ್ಲ ಉರಿಯುತ್ತವೆಯೇ ನೋಡಿ. ಮಳೆ ಶುರುವಾದ ಮೇಲೂ ತಿಂಗಳಿಗೊಮ್ಮೆ ಮ್ಯಾಟ್ ಎತ್ತಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.