ಹಳೆಯ ಜೀಪು, ಹೊಸ ಯಜಮಾನ

ಬೆಳ್ತಂಗಡಿ ತಾಲ್ಲೂಕಿನ ಪೂರ್ವದ ಅಂಚಿನಲ್ಲಿ ಡಾಂಬರು ಮುಗಿದ ಮೇಲೂ ದಾರಿ ಮುಗಿಯುವುದಿಲ್ಲ. ದಿಡುಪೆ, ನೆರಿಯ, ಶಿಶಿಲದ ಕಡೆಗೆ ಹೋದರೆ ಮುಖ್ಯರಸ್ತೆಯಿಂದ ಒಂದಿಷ್ಟು ದೂರ ಕಾಂಕ್ರೀಟು, ಆಮೇಲೆ ಕೆಂಪು ಮಣ್ಣು, ಅದರಾಚೆ ಹಳ್ಳ, ಹಳ್ಳದಾಚೆ ತೋಟ. ಅಡಿಕೆ ಮೂಟೆ, ರಬ್ಬರ್ ಶೀಟಿನ ಕಟ್ಟು, ಮದ್ದು ಬಿಡುವ ದಿನ ಬೋರ್ಡೋ ದ್ರಾವಣದ ಡ್ರಮ್ಮು, ಜ್ವರ ಬಂದ ಮಗು ಎಲ್ಲವೂ ಈ ದಾರಿಯಲ್ಲೇ ಸಾಗಬೇಕು. ಕರಾವಳಿಯ ಈ ಮಗ್ಗುಲಿನಲ್ಲಿ ಜೀಪು ಮೊದಲು ಬಂದದ್ದು ದುಡಿಮೆಗೆ. ಮೋಜಿನ ಗಾಡಿ ಎಂಬ ಹೆಸರು ಅದಕ್ಕೆ ಅಂಟಿಕೊಂಡದ್ದು ತೀರಾ ಈಚೆಗೆ.

ಮಹೀಂದ್ರಾ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸತೊಡಗಿತು. ಮುಂದೆ ಅದೇ ವಂಶದಲ್ಲಿ ಎಂಎಂ540, ಎಂಎಂ550, ಮೇಜರ್, ಕಮಾಂಡರ್, ಕ್ಲಾಸಿಕ್ ಬಂದವು. 1985ರಲ್ಲಿ ಮಾರುತಿ ಜಿಪ್ಸಿ 970 ಸಿಸಿಯ ಪೆಟ್ರೋಲ್ ಎಂಜಿನ್‌ನೊಂದಿಗೆ ರಸ್ತೆಗಿಳಿಯಿತು, 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್ ಬಂತು. 2010ರಲ್ಲಿ ಮೊದಲ ತಲೆಮಾರಿನ ಥಾರ್. 2020ರ ಅಕ್ಟೋಬರ್ 2ರಂದು ಹೊಸ ಥಾರ್ ಬಿಡುಗಡೆಯಾದ ಮೇಲೆ ಹಳೆಯ ಥಾರ್ ಕೂಡ ‘ಹಳೆಯ ಗಾಡಿ’ಗಳ ಸಾಲಿಗೆ ಸೇರಿತು. ಇವುಗಳಲ್ಲಿ ಬಹಳಷ್ಟು ಗಾಡಿಗಳು ಈಗ ಎರಡನೆಯ, ಮೂರನೆಯ ಕೈ ದಾಟುವ ಹೊತ್ತಿನಲ್ಲಿವೆ. ಅಪ್ಪ ತೋಟಕ್ಕೆಂದು ಇಟ್ಟುಕೊಂಡ ಜೀಪನ್ನು ಮಗ ಎತ್ತರಿಸಿ, ಅಗಲದ ಟಯರ್ ಹಾಕಿ, ಮುಂದೆ ವಿಂಚ್ ಕೂರಿಸಿ ಮಳೆಗಾಲದ ಆಫ್‌ರೋಡ್ ಕೂಟಗಳಿಗೆ ಒಯ್ದಿರುತ್ತಾನೆ. ಮದುವೆಯೋ, ಮನೆ ಸಾಲವೋ, ಗಲ್ಫಿನ ಕೆಲಸವೋ ಬಂದಾಗ ಅದು ಮಾರಾಟಕ್ಕೆ ನಿಲ್ಲುತ್ತದೆ.

ಕಷ್ಟ ಶುರುವಾಗುವುದು ಅಲ್ಲಿ. ಸಾಮಾನ್ಯ ಕಾರಿಗೆ ವರ್ಷ, ಮಾಡೆಲ್, ಓಡಿದ ಕಿಲೋಮೀಟರು ನೋಡಿ ಅಂದಾಜು ಬೆಲೆ ಹೇಳಬಹುದು. ಬದಲಾಯಿಸಿದ ಜೀಪಿಗೆ ಆ ಲೆಕ್ಕ ಒಗ್ಗುವುದಿಲ್ಲ. ಮಾರುವವರು ಹಾಕಿದ ದುಡ್ಡನ್ನೆಲ್ಲ ಕೂಡಿಸಿ ಬೆಲೆ ಹೇಳುತ್ತಾರೆ. ಕೊಳ್ಳುವವರು ಒಮ್ಮೆ ಸುತ್ತು ಹಾಕಿ, ‘ಅದೆಲ್ಲ ಸರಿ, ಲಾಸ್ಟ್ ಎಷ್ಟಕ್ಕೆ ಕೊಡ್ತೀರಿ ಮಾರಾಯ್ರೆ?’ ಎನ್ನುತ್ತಾರೆ. ಇಬ್ಬರ ನಡುವಿನ ಈ ಅಂತರ ತುಂಬುವುದು ಕಾಗದಪತ್ರದಿಂದ, ಮತ್ತು ಗಾಡಿಗೆ ಏನೇನು ಮಾಡಿಸಲಾಗಿದೆ ಎಂಬುದನ್ನು ಬಿಚ್ಚಿ ಹೇಳುವ ಮಾತಿನಿಂದ. ಬಣ್ಣ, ಲೈಟುಗಳ ಪಾತ್ರ ಅದರಲ್ಲಿ ಕಡಿಮೆ.

ಕಾನೂನು ಎಲ್ಲಿ ಗೆರೆ ಎಳೆಯುತ್ತದೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಬೇರೆಯಾಗುವ ಹಾಗೆ ವಾಹನವನ್ನು ಮಾಲೀಕರು ಬದಲಾಯಿಸುವಂತಿಲ್ಲ. ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಈ ಮಾತನ್ನು ಗಟ್ಟಿಮಾಡಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯೂ ಬಂತು. ಅದರ 182ಎ ಸೆಕ್ಷನ್ನಿನಡಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಬೀಳಬಹುದು. ಗಾಡಿಯ ಮುಂದೆ ಬಿಗಿಯುವ ಕಬ್ಬಿಣದ ಬಂಪರ್, ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು.

ಹಾಗಾಗಿ ಮಾರುವ ಯೋಚನೆ ಬಂದ ದಿನವೇ ಮಾಡಬೇಕಾದ ಕೆಲಸವೊಂದಿದೆ. ನೋಂದಣಿ ಪತ್ರವನ್ನು (ಆರ್‌ಸಿ) ಕೈಯಲ್ಲಿ ಹಿಡಿದು ಗಾಡಿಯ ಪಕ್ಕ ನಿಂತು ಒಂದೊಂದೇ ಸಾಲನ್ನು ತಾಳೆ ನೋಡುವುದು. ಚಾಸಿ ನಂಬರ್, ಎಂಜಿನ್ ನಂಬರ್, ಇಂಧನ, ಬಾಡಿಯ ಬಗೆ, ಸೀಟುಗಳ ಸಂಖ್ಯೆ, ಬಣ್ಣ. ಹಿಂದೆ ಎದುರುಬದುರು ಬೆಂಚುಗಳಿದ್ದಲ್ಲಿ ಈಗ ಮುಂದಕ್ಕೆ ಮುಖ ಮಾಡಿದ ಎರಡು ಸೀಟುಗಳಿವೆಯೇ? ಆರ್‌ಸಿಯಲ್ಲಿ ಬಿಳಿ ಇರುವ ಗಾಡಿ ಈಗ ಹಸಿರಾಗಿದೆಯೇ? ಕ್ಯಾನ್ವಾಸ್ ಹುಡ್ ಹೋಗಿ ಹಾರ್ಡ್‌ಟಾಪ್ ಬಂದಿದೆಯೇ?

ಎಲ್ಲಕ್ಕಿಂತ ಹೆಚ್ಚಿನ ತೊಡಕು ಎಂಜಿನ್ನಿನದು. ಹಳೆಯ ಜೀಪುಗಳಲ್ಲಿ ಮೂಲ ಎಂಜಿನ್ ದಣಿದಾಗ ಬೇರೆ ಗಾಡಿಯ ಎಂಜಿನ್ ಇಳಿಸುವುದು ಗ್ಯಾರೇಜುಗಳಲ್ಲಿ ರೂಢಿ. ನೋಂದಣಿ ಕಚೇರಿಯ ಒಪ್ಪಿಗೆ ಪಡೆದು ಹೊಸ ನಂಬರ್ ಆರ್‌ಸಿಗೆ ಏರಿದ್ದರೆ ಚಿಂತೆಯಿಲ್ಲ. ಏರಿಲ್ಲದಿದ್ದರೆ ಎಷ್ಟು ಚೆನ್ನಾಗಿ ಓಡಿದರೂ ಆ ಗಾಡಿಯ ಆರ್‌ಸಿಗೂ ಒಳಗಿರುವ ಎಂಜಿನ್ನಿಗೂ ಸಂಬಂಧವಿಲ್ಲ. ಮಾಲೀಕತ್ವ ವರ್ಗಾಯಿಸುವಾಗಲೋ, ಫಿಟ್‌ನೆಸ್ ಪ್ರಮಾಣಪತ್ರಕ್ಕೆ (ಎಫ್‌ಸಿ) ನಿಲ್ಲಿಸುವಾಗಲೋ, ಅಪಘಾತದ ಬಳಿಕ ವಿಮಾ ಸರ್ವೇಯರ್ ಬಾನೆಟ್ ಎತ್ತಿದಾಗಲೋ ಅದು ಹೊರಬೀಳುತ್ತದೆ. ಮಾರುವ ಮೊದಲೇ ಸರಿಪಡಿಸುವುದು ಕ್ಷೇಮ.

ಸೇನೆಯ ಹರಾಜಿನಿಂದ ಬಂದ ಜೀಪು, ಜಿಪ್ಸಿಗಳದ್ದು ಬೇರೆಯೇ ಕಥೆ. ಅವು ತಯಾರಾದ ವರ್ಷ ಒಂದು, ಸಾರ್ವಜನಿಕ ನೋಂದಣಿಯಾದ ವರ್ಷ ಇನ್ನೊಂದು. ಹರಾಜಿನ ಕಾಗದ ಕಾಪಾಡಿಕೊಂಡವರ ಗಾಡಿಗೆ ಬೆಲೆ ಹೆಚ್ಚು ಸಿಗುವುದು ಸಹಜ, ಏಕೆಂದರೆ ಚಾಸಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಆ ಕಾಗದವೇ ಉತ್ತರ. ಹಳದಿ ಬೋರ್ಡಿನಲ್ಲಿ ಸರ್ವಿಸ್ ಓಡಿಸಿದ ಜೀಪಾದರೆ, ಅದು ಖಾಸಗಿ ನೋಂದಣಿಗೆ ಬದಲಾಗಿದೆಯೇ, ತೆರಿಗೆ ಪೂರ್ತಿ ಕಟ್ಟಿದೆಯೇ ಎಂದು ನೋಡಬೇಕು.

ಹದಿನೈದು ವರ್ಷದ ಮೆಟ್ಟಿಲು

ಖಾಸಗಿ ವಾಹನದ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿ ಪರಿಶೀಲನೆಗೆ ನಿಂತು ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. ಈ ನವೀಕರಣದ ಕೇಂದ್ರ ಶುಲ್ಕ 2022ರ ಏಪ್ರಿಲ್ 1ರಿಂದ ಕಾರು, ಜೀಪುಗಳಿಗೆ 5,000 ರೂಪಾಯಿ ಆಯಿತು. 2025ರ ಆಗಸ್ಟಿನ ಅಧಿಸೂಚನೆ 20 ವರ್ಷ ದಾಟಿದವುಗಳಿಗೆ ಅದನ್ನು 10,000ಕ್ಕೆ ಏರಿಸಿತು. ಹಸಿರು ತೆರಿಗೆ ಬೇರೆ. ನವೀಕರಣ ಈಗಷ್ಟೇ ಆಗಿ ಇನ್ನೂ ನಾಲ್ಕು ವರ್ಷ ಬಾಕಿಯಿರುವ ಜೀಪಿಗೂ, ಮುಂದಿನ ತಿಂಗಳು ಅವಧಿ ಮುಗಿಯುವ ಜೀಪಿಗೂ ಒಂದೇ ಬೆಲೆ ಆಗುವುದು ಹೇಗೆ? ಎರಡನೆಯದನ್ನು ಕೊಂಡವರು ಶುಲ್ಕ ಕಟ್ಟಿದರಷ್ಟೇ ಸಾಲದು, ಎತ್ತರಿಸಿದ ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿರುವುದೂ ಮುಖ್ಯ.

ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹಾಕಿದ ಮೇಲೆ ಅಲ್ಲಿಯ ಗಾಡಿಗಳು ದಕ್ಷಿಣಕ್ಕೆ ಇಳಿಯತೊಡಗಿದವು. ಕರ್ನಾಟಕದಲ್ಲಿ ಅಂಥ ನಿರ್ಬಂಧವಿಲ್ಲ. ಆದರೆ ಹೊರರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವುದಾದರೆ ಎನ್‌ಒಸಿ ತಂದು, ಇಲ್ಲಿಯ ಆಜೀವ ತೆರಿಗೆ ಕಟ್ಟಿ, ಕೆಎ ನಂಬರ್ ಪಡೆಯಬೇಕು. ಮಂಗಳೂರಿನ ಕೆಎ-19, ಬಂಟ್ವಾಳದ ಕೆಎ-70 ನಂಬರಿನ ಗಾಡಿಗಳಿಗೆ ಈ ಓಡಾಟವಿಲ್ಲ ಎಂಬುದೇ ಸ್ಥಳೀಯ ಮಾರಾಟಗಾರರ ಕೈಯಲ್ಲಿರುವ ದೊಡ್ಡ ಅನುಕೂಲ.

ನೋಡಲು ಬಂದವರು ಎಲ್ಲಿ ಬಗ್ಗುತ್ತಾರೆ

ಜೀಪಿನ ಅನುಭವವಿರುವ ಗಿರಾಕಿ ಬಂದ ಕೂಡಲೇ ಸೀಟಿಗೆ ಏರುವುದಿಲ್ಲ. ಮೊದಲು ಮುಂದಿನ ಚಕ್ರದ ಬಳಿ ಮಂಡಿಯೂರುತ್ತಾರೆ. ಮೊಬೈಲಿನ ಟಾರ್ಚ್ ಬಿಟ್ಟು ಚಾಸಿಯ ಉದ್ದಕ್ಕೂ ಬೆರಳು ಎಳೆಯುತ್ತಾ ಹೋಗುತ್ತಾರೆ. ಸ್ಟೀರಿಂಗ್ ಬಾಕ್ಸ್ ಬೋಲ್ಟಿನಿಂದ ಕೂರುವ ಜಾಗದಲ್ಲಿ ಬೆರಳು ನಿಲ್ಲುತ್ತದೆ. ದೊಡ್ಡ ಟಯರ್ ಹಾಕಿದ ಗಾಡಿಯಲ್ಲಿ ಅಲ್ಲಿ ಬಿರುಕು ಬಿಡುವುದು ಹೆಚ್ಚು. ಆಮೇಲೆ ಸ್ಪ್ರಿಂಗ್ ಪ್ಲೇಟುಗಳ ಶ್ಯಾಕಲ್ ಸೇರುವ ತುದಿ. ಕೆಸರು ಕೂತು ಒಳಗಿನಿಂದ ತುಕ್ಕು ಹಿಡಿಯುವ ಮೂಲೆ ಅದು. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಟಣ್ ಎಂದರೆ ಕಬ್ಬಿಣ ಗಟ್ಟಿಯಿದೆ ಎಂದು ಅರ್ಥ. ಸದ್ದು ಸತ್ತಂತಿದ್ದರೆ ಬಣ್ಣದ ಕೆಳಗೆ ಪದರು ಪದರಾಗಿ ತುಕ್ಕು ಕಿತ್ತಿರುತ್ತದೆ. ಹೊಸದಾಗಿ ಬಳಿದ ಕಪ್ಪು ಬಣ್ಣ ಚಾಸಿಯಲ್ಲಿ ಕಂಡರೆ ಅನುಮಾನ ಕಡಿಮೆಯಾಗುವುದರ ಬದಲು ಹೆಚ್ಚುತ್ತದೆ. ಮಾರುವವರು ಚಾಸಿಯನ್ನು ಬರೀ ನೀರಿನಲ್ಲಿ ತೊಳೆದು, ಬೆಸುಗೆ ಹಾಕಿದ ಜಾಗವನ್ನು ತಾವೇ ಬೆರಳಿಟ್ಟು ತೋರಿಸಿದರೆ ಮಾತು ಅರ್ಧ ಮುಗಿದ ಹಾಗೆ.

ಎರಡನೆಯ ಪರೀಕ್ಷೆ ಫೋರ್‌ವೀಲಿನದು. ಈ ಹಳೆಯ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸೆಲ್‌ಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕು. ಒಣ ಡಾಂಬರಿನಲ್ಲಿ ಫೋರ್‌ವೀಲ್ ಹಾಕಿ ತಿರುಗಿಸಿದರೆ ಆ ವ್ಯತ್ಯಾಸಕ್ಕೆ ಜಾಗ ಸಿಗದೆ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತದೆ, ಲಿವರ್ ಹಿಂದಕ್ಕೆ ಬಾರದಂತಾಗುತ್ತದೆ. ಆದ್ದರಿಂದ ಈ ಪರೀಕ್ಷೆ ಹಸಿ ಮಣ್ಣಿನಲ್ಲೇ ಆಗಬೇಕು. ಹಬ್ ಲಾಕ್ ತಿರುಗಿಸಿ, ಲೋ ಗೇರಿಗೆ ಹಾಕಿ, ತೋಟದ ಇಳಿಜಾರಿನಲ್ಲಿ ಬ್ರೇಕು ಮುಟ್ಟದೆ ನಿಧಾನ ಇಳಿಸಿ ನೋಡಿದಾಗ ಗೇರು ಜಾರುತ್ತದೆಯೇ, ಕ್ರೌನಿನಲ್ಲಿ ಗೊರಗೊರ ಸದ್ದಿದೆಯೇ ಎಂಬುದು ಕಿವಿಗೇ ತಿಳಿಯುತ್ತದೆ.

ಓಡಿಸಿ ತೋರಿಸುವ ಜಾಗವನ್ನೂ ಯೋಚಿಸಿ ಆರಿಸಬೇಕು. ಬೆಳ್ತಂಗಡಿಯ ಬೆಟ್ಟಸಾಲು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ತಾಗಿಕೊಂಡಿದೆ. ಅರಣ್ಯದೊಳಗೆ ಗಾಡಿ ನುಗ್ಗಿಸುವುದು ಅಪರಾಧ. ಹೊಳೆಯ ಪಾತ್ರದಲ್ಲಿ ಓಡಿಸಿದರೆ ನೀರಿಗೂ ಜೀವಗಳಿಗೂ ಹಾನಿ. ಸ್ವಂತ ತೋಟ, ಒಪ್ಪಿಗೆ ಕೊಟ್ಟವರ ಹಳೆಯ ಕೆಂಪುಕಲ್ಲಿನ ಕೋರೆಯ ದಾರಿ ಇದಕ್ಕೆ ಸಾಕು.

ಮೀಟರು ಹೇಳುವ ಕಿಲೋಮೀಟರನ್ನು ಟಯರ್ ಬದಲಾಯಿಸಿದ ಗಾಡಿಯಲ್ಲಿ ನಂಬುವಂತಿಲ್ಲ. 205/70 ಆರ್15 ಟಯರಿನ ಎತ್ತರ ಸುಮಾರು 26.3 ಇಂಚು. ಅದರ ಜಾಗದಲ್ಲಿ 31 ಇಂಚಿನ ಟಯರ್ ಕೂತರೆ ಚಕ್ರ ಒಂದು ಸುತ್ತಿಗೆ ಸುಮಾರು ಶೇ 18ರಷ್ಟು ಹೆಚ್ಚು ದೂರ ಸಾಗುತ್ತದೆ. ಮೀಟರಿನಲ್ಲಿ 60 ಎಂದಿರುವಾಗ ಗಾಡಿ ಸುಮಾರು 71ರ ವೇಗದಲ್ಲಿರುತ್ತದೆ. ಈ ಟಯರ್ ಹಾಕಿದ ಮೇಲೆ ಮೀಟರು 50,000 ಏರಿದ್ದರೆ ನಿಜವಾಗಿ ಓಡಿದ್ದು ಸುಮಾರು 59,000. ಹಳೆಯ ಬ್ರೇಕುಗಳ ಮೇಲೆ ಈ ದೊಡ್ಡ ಚಕ್ರದ ಭಾರವೂ ಬೀಳುತ್ತದೆ. ಯಾವ ವರ್ಷ ಟಯರ್ ಬದಲಾಯಿತು ಎಂಬುದನ್ನು ಮಾರುವವರು ಬಾಯಿಬಿಟ್ಟು ಹೇಳಿದರೆ ಕೊಳ್ಳುವವರು ಮನೆಗೆ ಹೋಗುವ ದಾರಿಯಲ್ಲಿ ಎಚ್ಚರದಿಂದಿರುತ್ತಾರೆ. ಚಾರ್ಮಾಡಿಯ ತಿರುವುಗಳಲ್ಲಿ ಆ ಎಚ್ಚರಕ್ಕೆ ಜೀವದಷ್ಟು ಬೆಲೆಯಿದೆ.

ಬಿಡಿಭಾಗದ ಲೆಕ್ಕ

ವಿಂಚ್, ಸ್ನಾರ್ಕಲ್, ಲಾಕರ್, ಲಿಫ್ಟ್ ಕಿಟ್‌ಗೆ ಹಾಕಿದ ಹಣ ಗಾಡಿಯ ಜೊತೆ ಪೂರ್ತಿ ವಾಪಸಾಗುವುದು ಅಪರೂಪ. ಆಫ್‌ರೋಡ್ ಹುಚ್ಚಿನ ಹುಡುಗನಿಗೆ ವಿಂಚ್ ಬೇಕು. ತೋಟದ ಕೆಲಸಕ್ಕೆ ಜೀಪು ಹುಡುಕುವ ಕೃಷಿಕರಿಗೆ ಬೇಡ. ಅವರಿಗೆ ಬೇಕಾದದ್ದು ಹಿಂದೆ ಹುಲ್ಲು, ಮೂಟೆ ಹೇರುವ ಜಾಗ, ಊರಿನ ಮೆಕ್ಯಾನಿಕ್ಕಿಗೆ ಸಿಗುವ ಸ್ಪೇರು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯ ಗುಡ್ಡ ಕುಸಿದು, ಮೃತ್ಯುಂಜಯ ಹೊಳೆ ಉಕ್ಕಿ ತಪ್ಪಲಿನ ತೋಟಗಳಲ್ಲಿ ಮರಳು, ಮರದ ದಿಮ್ಮಿ ತುಂಬಿದ ದಿನಗಳನ್ನು ಕಂಡವರಿಗೆ ನಾಲ್ಕೂ ಚಕ್ರ ತಿರುಗುವ ಗಾಡಿ ಅಂಗಳದಲ್ಲಿರುವುದರ ಅರ್ಥ ಬೇರೆ.

ಎರಡೂ ಬಗೆಯ ಗಿರಾಕಿಗಳಿಗೆ ಒಗ್ಗುವ ದಾರಿಯೆಂದರೆ ಬಿಚ್ಚಿಟ್ಟ ಮೂಲ ಭಾಗಗಳನ್ನು ಗುಜರಿಗೆ ಹಾಕದಿರುವುದು. ಮೂಲ ಬಂಪರ್, ಪ್ಲೇಟುಗಳು, ಡಿಸ್ಕು, ಸೀಟು ಇದ್ದರೆ ಗಾಡಿಯನ್ನು ಕಂಪನಿ ಬಿಟ್ಟ ರೂಪಕ್ಕೆ ಮರಳಿಸಿ ಮಾರಬಹುದು. ಹೆಚ್ಚುವರಿ ಸಾಮಾನನ್ನು ಬೇರೆಯವರಿಗೆ ಬೇರೆಯಾಗಿ ಕೊಡಬಹುದು. ಎಫ್‌ಸಿಗೂ ಅದೇ ರೂಪ ಸಲೀಸು. ಹಳೆಯದನ್ನು ಹಾಗೆಯೇ ಉಳಿಸಿದರೆ ಅದಕ್ಕೊಂದು ಗೌರವವಿದೆ ಎಂಬುದನ್ನು ನೋಡಲು ದೂರ ಹೋಗಬೇಕಿಲ್ಲ, ಇದೇ ತಾಲ್ಲೂಕಿನ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹವೇ ಇದೆ.

ಕೀಲಿಕೈ ಕೊಟ್ಟ ಮೇಲೆ

ದುಡ್ಡು ಎಣಿಸಿಕೊಂಡು ಗಾಡಿ ಬಿಟ್ಟುಕೊಟ್ಟರೆ ಮುಗಿಯಿತು ಎಂದುಕೊಳ್ಳುವವರು ಬಹಳ. 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಅವರು ತಿಳಿದಿರಬೇಕು. ಆ ಪ್ರಕರಣದ ಕಾರು 2009ರಲ್ಲಿ ಅಪಘಾತವಾಗುವ ಮೊದಲೇ ಒಬ್ಬರಿಂದೊಬ್ಬರಿಗೆ ಹಲವು ಕೈ ದಾಟಿತ್ತು. ಆರ್‌ಸಿ ಮಾತ್ರ ಮೊದಲ ಮಾಲೀಕರ ಹೆಸರಿನಲ್ಲೇ ಇತ್ತು. ಪರಿಹಾರದ ಹೊಣೆ ನೋಂದಾಯಿತ ಮಾಲೀಕರದ್ದೇ ಎಂದು ನ್ಯಾಯಾಲಯ ಹೇಳಿತು. ಕಡಿದಾದ ದಾರಿಯಲ್ಲಿ, ಕೆಲವೊಮ್ಮೆ ಸ್ಪರ್ಧೆಯಲ್ಲಿ ಓಡುವ ಜೀಪಿಗೆ ಈ ಮಾತು ಇನ್ನಷ್ಟು ಅನ್ವಯ.

ಕೆಲಸ ಕಷ್ಟದ್ದೇನಲ್ಲ. ಫಾರಂ 29 ಮತ್ತು 30ಕ್ಕೆ ಇಬ್ಬರ ಸಹಿ ಬೇಕು. ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಸಾಲವಿದ್ದ ಗಾಡಿಗೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಸೇರಬೇಕು. ವಿಮೆಯನ್ನು ಹೊಸ ಮಾಲೀಕರ ಹೆಸರಿಗೆ ಮಾಡಿಸುವಾಗ ಗಾಡಿಯಲ್ಲಿ ಏನೇನು ಬದಲಾಗಿದೆ ಎಂದು ಕಂಪನಿಗೆ ಬರೆದುಕೊಟ್ಟರೆ ಮುಂದೆ ಕ್ಲೈಮಿನ ಜಗಳ ತಪ್ಪುತ್ತದೆ. ಐದು ವರ್ಷ ಮೀರಿದ ವಾಹನದ ವಿಮಾ ಮೌಲ್ಯವನ್ನು ಕಂಪನಿ ಮತ್ತು ಮಾಲೀಕರು ಮಾತಾಡಿ ಗೊತ್ತುಮಾಡುವುದರಿಂದ, ಬಿಲ್ಲುಗಳನ್ನು ಕೂಡಿಟ್ಟವರ ಮಾತಿಗೆ ಅಲ್ಲಿ ತೂಕ ಬರುತ್ತದೆ.

ಗಾಡಿ ಕೊಡುವ ದಿನ ಒಂದು ಹಾಳೆಯಲ್ಲಿ ತಾರೀಕಿನ ಜೊತೆ ಗಂಟೆಯನ್ನೂ ಬರೆದು, ಮೀಟರಿನ ಅಂಕಿ, ಬದಲಾಯಿಸಿದ ಭಾಗಗಳ ಪಟ್ಟಿ, ಕೊಟ್ಟ ಮೂಲ ಸಾಮಾನು ಎಲ್ಲ ನಮೂದಿಸಿ ಇಬ್ಬರೂ ಸಹಿ ಹಾಕಬೇಕು. ಕೊಂಡವರ ಗುರುತಿನ ಚೀಟಿಯ ಪ್ರತಿ ಮಾರಿದವರ ಬಳಿ ಇರಬೇಕು. ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಕಿತ್ತು ಖಾತೆ ಮುಚ್ಚಿಸಬೇಕು. ಇಲ್ಲದಿದ್ದರೆ ಬ್ರಹ್ಮರಕೂಟ್ಲು ಟೋಲಿನಲ್ಲಿ ಹೊಸ ಯಜಮಾನ ದಾಟಿದಾಗಲೆಲ್ಲ ಹಣ ಹಳಬರ ಖಾತೆಯಿಂದ ಹೋಗುತ್ತದೆ. ಹೆಸರು ಬದಲಾಯಿತೇ ಎಂದು ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಒತ್ತಿ ನೋಡಬಹುದು. ಅಲ್ಲಿ ಹೊಸ ಹೆಸರು ಕಾಣುವ ತನಕ ಒಪ್ಪಿದ ಮೊತ್ತದಲ್ಲಿ ಒಂದು ಪಾಲನ್ನು ಬಾಕಿ ಇಟ್ಟುಕೊಳ್ಳುವ ಷರತ್ತನ್ನೂ ಅದೇ ಹಾಳೆಯಲ್ಲಿ ಬರೆದುಕೊಂಡರೆ ಎರಡೂ ಕಡೆಯವರು ಆರ್‌ಟಿಒ ಕಚೇರಿಗೆ ಬೇಗ ಹೋಗುತ್ತಾರೆ.