ಬೆತ್ತ ಕಲಿಸಿದ್ದು ಮಗ್ಗಿಯನ್ನಲ್ಲ

ಊರೂರಲ್ಲಿ ಈಗ ಗುರುವಂದನೆಯ ಸುಗ್ಗಿ. ಹಳೆಯ ಬ್ಯಾಚಿನವರು ವಾಟ್ಸ್‌ಆ್ಯಪ್ ಗ್ರೂಪ್ ಕಟ್ಟಿ, ಹಣ ಕೂಡಿಸಿ, ನಿವೃತ್ತ ಮೇಷ್ಟ್ರನ್ನು ಕರೆಸಿ, ಶಾಲು ಹೊದಿಸಿ ಪೇಟ ತೊಡಿಸುತ್ತಾರೆ. ಮೈಕ್ ಹಿಡಿದವರಲ್ಲಿ ಒಬ್ಬರಾದರೂ ಈ ಮಾತು ಹೇಳದೆ ಕೆಳಗಿಳಿಯುವುದಿಲ್ಲ: ‘ಅವತ್ತು ನೀವು ಬಾರಿಸಿದ್ದಕ್ಕೇ ಸಾರ್, ಇವತ್ತು ನಾವು ಮನುಷ್ಯರಾಗಿದ್ದೇವೆ.’ ಜೋರು ಚಪ್ಪಾಳೆ. ಏಟು ತಿಂದವರೇ ಸರ್ಟಿಫಿಕೇಟ್ ಕೊಟ್ಟ ಮೇಲೆ ಬೇರೆಯವರು ಹೇಳುವುದೇನಿದೆ?

ಹೇಳಬೇಕಾದವರು ಆ ಪೆಂಡಾಲಿನಲ್ಲೇ ಇರುವುದಿಲ್ಲ, ಸಮಸ್ಯೆ ಅದು. ಎರಡನೇ ಮಹಾಯುದ್ಧದ ವೇಳೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡವೊಂದರಲ್ಲಿ ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞರಿದ್ದರು. ಗುಂಡೇಟು ತಿಂದೂ ಮರಳಿ ಬಂದ ವಿಮಾನಗಳ ತೂತುಗಳನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಮರಳಿ ಬಾರದ ವಿಮಾನಗಳನ್ನೂ ಲೆಕ್ಕಕ್ಕೆ ತರಬೇಕು ಎಂಬುದು ಅವರ ಕೆಲಸದ ತಿರುಳು. ಸ್ಟ್ಯಾಟಿಸ್ಟಿಕ್ಸ್ ತರಗತಿಯಲ್ಲಿ ಇದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮೂರ ಶಾಲೆ. ಗುರುವಂದನೆಗೆ ಬರುವವರು ಮರಳಿ ಬಂದ ವಿಮಾನಗಳು. ದಿನಾ ಬೆಳಿಗ್ಗೆ ಹೊಟ್ಟೆನೋವು ಎಂದು ಅತ್ತು ಅತ್ತು ಕೊನೆಗೆ ಕುರಿಯ ಹಿಂದೆ ಹೋದ ಹುಡುಗಿ, ಏಳನೇ ತರಗತಿಗೇ ಪಾಟೀಚೀಲ ಎಸೆದು ಗ್ಯಾರೇಜ್ ಸೇರಿದ ಹುಡುಗ, ಇವರ ನಂಬರ್ ಆ ಗ್ರೂಪಿನಲ್ಲಿ ಯಾರ ಬಳಿಯೂ ಇರುವುದಿಲ್ಲ.

ಕಾನೂನಿನ ಮಟ್ಟಿಗೆ ಇದು ಯಾವಾಗಲೋ ಮುಗಿದ ಚರ್ಚೆ. ದೆಹಲಿಯ ಶಾಲಾ ನಿಯಮಗಳಲ್ಲಿ ದೈಹಿಕ ಶಿಕ್ಷೆಗೆ ಇದ್ದ ಅವಕಾಶವನ್ನು ಅಲ್ಲಿನ ಹೈಕೋರ್ಟ್ 2000ದಲ್ಲೇ ರದ್ದು ಮಾಡಿತ್ತು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ 13 ರಾಜ್ಯಗಳ ಅಧ್ಯಯನದಲ್ಲಿ ಶಾಲೆಗೆ ಹೋಗುವ ಪ್ರತಿ ಮೂವರಲ್ಲಿ ಇಬ್ಬರು ಮಕ್ಕಳು ಏಟು ತಿಂದದ್ದಾಗಿ ಹೇಳಿದ್ದರು. ಆಮೇಲೆ ಬಂದದ್ದು ಶಿಕ್ಷಣ ಹಕ್ಕು ಕಾಯ್ದೆ. ಅದರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ನಾನು ಒಂದನೇ ತರಗತಿಗೆ ಸೇರಿದ್ದು ಅದೇ ವರ್ಷದ ಜೂನ್‌ನಲ್ಲಿ! ನಮ್ಮ ಶಾಲೆಯ ಹೊಂಗೆ ಬರಲಿಗೆ ಮಾತ್ರ ಈ ವಿಷಯ ಕೊನೆಯವರೆಗೂ ಗೊತ್ತಾಗಲಿಲ್ಲ. ಇನ್ನೊಂದು ತಮಾಷೆಯೆಂದರೆ ಈ ಕಾಯ್ದೆಯ ಪ್ರಕಾರ ‘ಮಗು’ ಎಂದರೆ 6ರಿಂದ 14 ವರ್ಷದವರು. ಮಂಡಿಯೂರಿಸುವುದು, ಬಸ್ಕಿ ಹೊಡೆಸುವುದು ಎಲ್ಲ ಜೋರಾಗುವುದೇ ಎಸ್ಸೆಸ್ಸೆಲ್ಸಿ ರಿಸಲ್ಟಿನ ಭೂತ ಹೊಕ್ಕ ಮೇಲೆ, ಅಂದರೆ ಆ ವಯಸ್ಸು ದಾಟಿದ ಮೇಲೆ.

ನಮ್ಮ ಅಜ್ಜಂದಿರ ಕಾಲದಲ್ಲಿ ಕೋದಂಡ ಏರಿಸುತ್ತಿದ್ದರಂತೆ, ತೊಲೆಗೆ ಕಟ್ಟಿದ ಹಗ್ಗಕ್ಕೆ ಹುಡುಗರನ್ನು ಜೋತುಬೀಳಿಸುವುದು. ನಮ್ಮ ಕಾಲದಲ್ಲಿ ಅಷ್ಟಿರಲಿಲ್ಲ. ಆದರೆ ಮೂಗು ಹಿಡಿಯುವುದಿತ್ತು. ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ, ಸಾಲಾಗಿ ಎಲ್ಲರೂ ಎದ್ದು ನಿಲ್ಲುತ್ತಾರೆ, ಯಾರೋ ಒಬ್ಬರು ಉತ್ತರ ಹೇಳುತ್ತಾರೆ. ಹೇಳಿದವರು ಹೇಳದವರ ಮೂಗು ಹಿಡಿದು ಕಪಾಳಕ್ಕೆ ಹೊಡೆಯಬೇಕು. ಮೆಲ್ಲಗೆ ಹೊಡೆದರೆ ‘ಹೀಗಲ್ಲ, ಹೀಗೆ’ ಎಂದು ಮೇಷ್ಟ್ರು ಅವರ ಕೆನ್ನೆಯ ಮೇಲೇ ತೋರಿಸಿಕೊಡುತ್ತಿದ್ದರು. ಮಧ್ಯಾಹ್ನ ಬಿಸಿಯೂಟಕ್ಕೆ ಇಬ್ಬರೂ ಅಕ್ಕಪಕ್ಕ ಕೂರಬೇಕು. ಬೆತ್ತದ ಬಾಸುಂಡೆ ಎರಡು ದಿನಕ್ಕೆ ಮಾಯುತ್ತದೆ. ಗೆಳತಿಯ ಕೈಯಲ್ಲಿ ಕಪಾಳಮೋಕ್ಷ ಮಾಡಿಸಿಕೊಂಡವಳು ಎಷ್ಟೋ ದಿನ ತಟ್ಟೆ ಹಿಡಿದು ಬೇರೆ ಮೂಲೆಗೆ ಹೋಗುತ್ತಿದ್ದಳು.

ಹಾಗಂತ ಇದರಿಂದ ಏನೂ ಕಲಿಯಲಿಲ್ಲ ಎನ್ನಲಾಗದು. ಹದಿಮೂರರ ಮಗ್ಗಿ ಬಾರದವನು ಎತ್ತರದ ಹುಡುಗನ ಹಿಂದೆ ಕೂರುವುದನ್ನು ಕಲಿತ. ಹೋಂವರ್ಕ್ ತಪ್ಪಾಗಿದ್ದವಳು ಪುಸ್ತಕ ಮನೆಯಲ್ಲಿ ಮರೆತೆ ಎನ್ನುವುದನ್ನು ಕಲಿತಳು, ಏಕೆಂದರೆ ಮರೆತದ್ದಕ್ಕೆ ಒಂದು ಏಟು, ತಪ್ಪಿಗೆ ನಾಲ್ಕು. ತಪ್ಪನ್ನು ತಿದ್ದುವುದಕ್ಕಿಂತ ಬಚ್ಚಿಡುವುದು ಕಡಿಮೆ ಖರ್ಚಿನ ಕೆಲಸ ಎಂದು ಎಂಟು ವರ್ಷದ ಮಗುವಿಗೂ ಬೇಗ ಅರ್ಥವಾಗುತ್ತದೆ.

ಆ ವಿದ್ಯೆ ಶಾಲೆಯಲ್ಲೇ ಉಳಿಯುವುದಿಲ್ಲ. ನಮ್ಮ ಎಂಜಿನಿಯರಿಂಗ್ ಕ್ಲಾಸಿಗೆ ಒಮ್ಮೆ ಬಂದು ನೋಡಿ. ಲೆಕ್ಚರರ್ ‘ಎನಿ ಡೌಟ್ಸ್?’ ಎಂದು ಕೇಳಿದ ತಕ್ಷಣ ಅರವತ್ತು ತಲೆಗಳು ನೋಟ್‌ಬುಕ್ಕಿನೊಳಗೆ ಇಳಿಯುತ್ತವೆ. ಇಲ್ಲಿ ಯಾರೂ ಹೊಡೆಯುವುದಿಲ್ಲ, ಆದರೂ! ಲ್ಯಾಬಿನಲ್ಲಿ ರೀಡಿಂಗ್ ಸರಿ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಹುಡುಕುವವರು ಕಡಿಮೆ. ಬರಬೇಕಾದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುವವರು ಹೆಚ್ಚು. ಇದಕ್ಕೆಲ್ಲ ಬೆತ್ತವೊಂದೇ ಕಾರಣ ಎನ್ನುತ್ತಿಲ್ಲ, ಇಂಗ್ಲಿಷಿನ ಅಂಜಿಕೆಯೂ ಇದೆ, ಮಾರ್ಕ್ಸ್ ಆಸೆಯೂ ಇದೆ. ಆದರೆ ಕಂಟ್ರೋಲ್ ಸಿಸ್ಟಮ್ಸ್ ವಿಷಯದಲ್ಲಿ ಮೊದಲಿಗೇ ಹೇಳಿಕೊಡುವುದು ಎರರ್ ಸಿಗ್ನಲ್ ಬಗ್ಗೆ. ಬೇಕಾದದ್ದಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸ ಹಿಂದಕ್ಕೆ ತಲುಪಿದರೆ ಮಾತ್ರ ಯಂತ್ರ ತನ್ನನ್ನು ತಾನು ತಿದ್ದಿಕೊಳ್ಳುತ್ತದೆ. ಹೊಡೆಯುವ ತರಗತಿಯಲ್ಲಿ ಕತ್ತರಿಸಿಹೋಗುವುದು ಆ ತಂತಿಯೇ. ಯಾವ ಹುಡುಗನಿಗೆ ಭಾಗಾಕಾರದ ಯಾವ ಹಂತದಲ್ಲಿ ಕಾಲು ಜಾರಿತು ಎಂಬುದು ಮೇಷ್ಟ್ರಿಗೆ ಕೊನೆಗೂ ತಿಳಿಯುವುದಿಲ್ಲ.

ಮೇಷ್ಟ್ರನ್ನೊಬ್ಬರನ್ನೇ ದೂರುವುದೂ ಸುಲಭ. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ, ಜೊತೆಗೆ ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ. ಮೇಲಿಂದ, ‘ಕಣ್ಣೆರಡು ಬಿಟ್ಟು ಬೇರೆಲ್ಲಿಗಾದ್ರೂ ಹೊಡೀರಿ ಸಾರ್, ಮಗ ಓದಿದ್ರೆ ಸಾಕು’ ಎಂದು ಕೈಮುಗಿಯುವ ಅಪ್ಪಂದಿರು. ಹೊಡೆಯದ ಮೇಷ್ಟ್ರಿಗೆ ಊರಲ್ಲಿ ಬೆಲೆಯೂ ಕಡಿಮೆ.

ಬೇರೆ ದಾರಿಯೇ ಇಲ್ಲವೆಂದಲ್ಲ. ದೂರ ಹೋಗುವುದೂ ಬೇಡ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಶುರುವಾದದ್ದು ‘ನಲಿ-ಕಲಿ’. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯನ್ನು ನೋಡಿ ಬಂದು ಇಲ್ಲಿಗೆ ಹೊಂದಿಸಿಕೊಂಡದ್ದು. ಅದರಲ್ಲಿ ಕಲಿಕೆಗೊಂದು ಏಣಿಯಿದೆ. ಮಗು ತನ್ನ ಮೆಟ್ಟಿಲಿನ ಕಾರ್ಡ್ ಎತ್ತಿಕೊಂಡು ಕೂರುತ್ತದೆ, ಬಾರದಿದ್ದರೆ ಅದೇ ಮೆಟ್ಟಿಲಿನಲ್ಲಿ ಇನ್ನಷ್ಟು ಹೊತ್ತು ಇರುತ್ತದೆ. ಬಾರದಿರುವುದು ಅಲ್ಲಿ ಅಪರಾಧವಲ್ಲ, ವಿಳಾಸ ಅಷ್ಟೆ. ಎಲ್ಲ ಕಡೆ ಅದು ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಹೇಳಲಾರೆ. ನಮ್ಮೂರಲ್ಲಿ ಕಾರ್ಡುಗಳು ಬೀರುವಿನಿಂದ ಹೊರಬರುತ್ತಿದ್ದುದು ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ.

ಈ ಪುಟ ಓದುವವರಲ್ಲಿ ಟಿಇಟಿಗೆ ತಯಾರಾಗುತ್ತಿರುವವರೂ ಇರುತ್ತೀರಿ. ನನ್ನ ಅಕ್ಕನೂ ಅವರಲ್ಲಿ ಒಬ್ಬಳು. ಮಕ್ಕಳ ವಿಕಾಸ ಮತ್ತು ಬೋಧನಾಶಾಸ್ತ್ರದ 30 ಅಂಕಗಳಲ್ಲಿ ಶಿಕ್ಷೆಯ ಬಗ್ಗೆ ಪ್ರಶ್ನೆ ಬಂದರೆ ಸರಿ ಉತ್ತರ ಯಾವುದೆಂದು ಎಲ್ಲರಿಗೂ ಗೊತ್ತು ಎನ್ನುತ್ತಾಳೆ. ಬಿ.ಎಡ್. ಓದುವಾಗ ಪಾಠ ಮಾಡಲು ಹೋದ ಶಾಲೆಯಲ್ಲಿ ಹಿರಿಯ ಶಿಕ್ಷಕರೊಬ್ಬರು ಮೊದಲ ದಿನವೇ ಅವಳ ಕೈಗೆ ಕೋಲು ಕೊಟ್ಟು, ‘ಇದಿಲ್ಲದೆ ಎಂಟನೇ ಕ್ಲಾಸಿಗೆ ಹೋಗಬೇಡಮ್ಮ’ ಎಂದಿದ್ದರಂತೆ. ಅವಳು ಸಮಾಜ ವಿಜ್ಞಾನದವಳು. ಅಲ್ಲಿದ್ದಷ್ಟೂ ದಿನ ಆ ಕೋಲಿನಿಂದ ಭೂಪಟದಲ್ಲಿ ನದಿಗಳನ್ನು ತೋರಿಸಿದಳು. ಕ್ಲಾಸಿನಲ್ಲಿ ಗಲಾಟೆ ಇರಲಿಲ್ಲವಾ ಎಂದು ಕೇಳಿದೆ. ಇತ್ತು, ಪಾಠವೂ ಆಯ್ತು ಎಂದಳು.