ಸಾಹೇಬರು ಮನೆಯಲ್ಲಿದ್ದರು, ಪಾತ್ರೆ ತೊಳೆದದ್ದು ಯಾರು?

ಲಾಕ್‌ಡೌನ್ ಮಾತು ಎತ್ತಿದರೆ ಈಗಲೂ ಕೆಲವು ಗಂಡಸರ ಮುಖ ಅರಳುತ್ತೆ. ‘ಮನೆಯಲ್ಲೇ ಆಫೀಸು, ಹೊತ್ತಿಗೆ ಸರಿಯಾಗಿ ಬಿಸಿ ಊಟ, ಟಿ.ವಿ.ಯಲ್ಲಿ ರಾಮಾಯಣ, ಏನ್ ಮಜಾ ಇತ್ರೀ!’ ಅಂತಾರೆ. ಸ್ವಲ್ಪ ಅವರ ಮನೆಯಾಕೆಯನ್ನೂ ಕೇಳಿ ನೋಡಿ.

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿಗಳ ಭಾಷಣ. ಬೆಳಗಾದರೆ ಯುಗಾದಿ. ಪಕ್ಕದ ಫ್ಲ್ಯಾಟಿಗೆ ಬೇವು-ಬೆಲ್ಲ ಕೊಡೋದಕ್ಕೂ ಜನ ಹೆದರಿದ ಹಬ್ಬ ಅದು. 21 ದಿನ ಅಂದದ್ದು ಮೇ 3, ಮೇ 17, ಮೇ 31 ಅಂತ ಮುಂದಕ್ಕೆ ಹೋಗ್ತಾನೇ ಇತ್ತು.

ಬೆಂಗಳೂರೇ ಆಗಲಿ, ಜಿಲ್ಲಾ ಕೇಂದ್ರವೇ ಆಗಲಿ, ಎರಡು ಬೆಡ್‌ರೂಮಿನ ಮನೆಗಳ ಕಥೆ ಒಂದೇ. ಊಟದ ಟೇಬಲ್ ಯಜಮಾನರ ಆಫೀಸು. ಅಮ್ಮನ ಮೊಬೈಲು ಮಗನ ಸ್ಕೂಲು. ಹಾಲ್‌ನಲ್ಲಿ ಅಜ್ಜನ ಟಿ.ವಿ. ‘ಮೀಟಿಂಗ್ ಇದೆ, ಸೌಂಡ್ ಮಾಡ್ಬೇಡಿ’ ಅಂತ ಗದರಿಕೆ ಬೇರೆ. ಅಮ್ಮನಿಗೆ ಉಳಿದದ್ದು ಅಡುಗೆಮನೆ. ಮೂರು ಹೊತ್ತು ಅಡುಗೆ, ನಾಲ್ಕು ಸಲ ಕಾಫಿ, ಸಿಂಕ್ ತುಂಬ ಪಾತ್ರೆ. ಆಕೆಗೂ ನೌಕರಿ ಇದ್ದರಂತೂ ದೇವರೇ ಗತಿ.

ಇದು ಲಾಕ್‌ಡೌನ್ ತಂದ ರೋಗ ಅಂದ್ಕೋಬೇಡಿ. 2019ರಲ್ಲೇ ಕೇಂದ್ರ ಸರ್ಕಾರ ಜನರ ದಿನಚರಿ ಲೆಕ್ಕ ಹಾಕಿತ್ತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಿದ್ದರು. ಗಂಡಸರು 97 ನಿಮಿಷ, ಅದೂ ಕೆಲಸಕ್ಕೆ ಕೈ ಹಚ್ಚುವವರು ಮಾತ್ರ!

ಇನ್ನು ಕೆಲಸದಾಕೆ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಅವಳನ್ನು ಗೇಟಲ್ಲೇ ತಡೆದರು. ರೋಗದ ಭಯ, ಒಪ್ಪೋಣ. ಸಂಬಳ? ಕೆಲವರು ಕರೆದು ಕೊಟ್ಟರು, ಅವರ ಮನೆ ತಣ್ಣಗಿರಲಿ. ಇನ್ನು ಕೆಲವರು ‘ಕೆಲಸಕ್ಕೆ ಬಂದಿಲ್ಲವಲ್ಲ’ ಅಂದುಬಿಟ್ಟರು. ಬರಬೇಡ ಅಂದವರೂ ಅವರೇ!

ನಮ್ಮ ಅಂಗಡಿ ಮಾಲೀಕರಿಗೆ ನೆನಪಿರಬೇಕು. ಆ ಮಾರ್ಚ್ 29ಕ್ಕೆ ಕೇಂದ್ರದ ಆದೇಶ ಬಂತು: ಅಂಗಡಿ, ಕಾರ್ಖಾನೆ ಮುಚ್ಚಿದ್ದರೂ ಆಳುಗಳ ಸಂಬಳ ಕಡಿಯಬೇಡಿ ಅಂತ. ಮೇ ತಿಂಗಳಲ್ಲಿ ಅದು ರದ್ದಾಯ್ತು, ಆ ಮಾತು ಬೇರೆ. ಆದರೆ ಮನೆಗೆಲಸದವಳ ಹೆಸರು ಆ ಆದೇಶದಲ್ಲಿ ಇರಲೇ ಇಲ್ಲ. 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತು ಮಾಡಿದ ರಾಜ್ಯ ನಮ್ಮದು. ಅಂಥ ನಾಡಿನಲ್ಲಿ ಅವಳ ಅನ್ನ ಯಜಮಾನಿಯ ಮನಸ್ಸಿಗೆ ಬಿಟ್ಟ ವಿಷಯ ಆಯ್ತು.

ಗೇಟು ತೆಗೆದ ಮೇಲೆ ಅವಳು ಬಂದಳು, ಮತ್ತೆ ಪಾತ್ರೆಗೆ ಕೂತಳು. ಯಜಮಾನರು ಆಫೀಸಿಗೆ ಹೋದರು. ಆ ಎರಡು ತಿಂಗಳ ಸಂಬಳ ಎಷ್ಟೋ ಮನೆಗಳಲ್ಲಿ ಹಾಗೇ ನಿಂತಿದೆ. ಕೊಡದವರು ಈಗ ಕೊಟ್ಟರೂ ತಡವಾಗಿಲ್ಲ. ಬೇಕಾದರೆ ಅಂಗಡಿಯವರನ್ನು ಕೇಳಿ: ವರ್ಷ ಕಳೆಯಿತು ಅಂತ ಹಳೇ ಬಾಕಿ ತಾನಾಗೇ ತೀರಿದ್ದುಂಟಾ?